ಜಗಲಿಯ ಎರಡೂವರೆ ಕೋಲು

ನಮ್ಮ ಪೇಟೆಯ ಹಳೆಯ ಬೀದಿಯನ್ನು ನಡೆಯುವವರಿಗೆ, ಸೈಕಲಿನವರಿಗೆ, ಬಸ್ಸಿಗೆ ಅನುಕೂಲವಾಗುವಂತೆ ಹೊಸದಾಗಿ ಮಾಡುತ್ತಾರಂತೆ ಎಂಬ ಸುದ್ದಿ ಬಂದ ದಿನ ಕಚೇರಿಯಲ್ಲಿ ಎಲ್ಲರೂ ಅದರ ಒಳಿತು ಕೆಡುಕು ಮಾತಾಡಿದರು. ಕಾರು ನಿಲ್ಲಿಸುವುದೆಲ್ಲಿ, ಲಾರಿಯಿಂದ ಸಾಮಾನು ಇಳಿಸುವುದೆಲ್ಲಿ, ನಡುವೆ ಮಳೆ ಹಿಡಿದರೆ ಅಗೆದು ಹಾಕಿದ ರಸ್ತೆಯ ಗತಿ ಏನು. ನನ್ನ ಕಣ್ಣ ಮುಂದೆ ಬಂದದ್ದು ಜವುಳಿ ಅಂಗಡಿಯ ಸಾಹುಕಾರರ ಮುಖ. ನಲವತ್ತು ವರ್ಷ ಇದಕ್ಕಾಗಿಯೇ ಕಾದಿದ್ದೆ ಎಂದರೆ ಸುಳ್ಳಾಗುತ್ತದೆ. ನಡುವೆ ಓದು, ಕೆಲಸ, ಮದುವೆ, ಮಕ್ಕಳು, ಎಲ್ಲವೂ ಆಯಿತು. ಆದರೆ ಆ ಬೀದಿಯಲ್ಲಿ ಹೋಗುವಾಗ ಒಂದು ದಿನವೂ ಅವರ ಅಂಗಡಿಯ ಕಡೆ ತಿರುಗಿ ನೋಡದೆ ಹೋದದ್ದಿಲ್ಲ. ನೋಡಿದಾಗ ಒಂದು ಸಲವೂ ಒಳ್ಳೆಯದು ಬಯಸಿದ್ದಿಲ್ಲ.

ನನ್ನ ಅಪ್ಪ ಕೊಡೆ ರಿಪೇರಿಯವರು. ಪುತ್ತಿಗೆ ಕಡೆಯ ನಮ್ಮ ಮನೆಯಿಂದ ಬೆಳಗ್ಗಿನ ಮೊದಲ ಬಸ್ಸಿಗೆ ಮರದ ಪೆಟ್ಟಿಗೆ ಹೊತ್ತುಕೊಂಡು ಪೇಟೆಗೆ ಬರುತ್ತಿದ್ದರು. ಮಳೆಗಾಲದಲ್ಲಿ ಕೊಡೆ, ಉಳಿದ ದಿನಗಳಲ್ಲಿ ಬೀಗ, ಟಾರ್ಚು, ಸೀಮೆಎಣ್ಣೆ ಸ್ಟವ್. ಆಗ ಆ ಬೀದಿಯ ಎಲ್ಲ ಅಂಗಡಿಗಳ ಮುಂದೆಯೂ ಕೆಂಪು ಮುರಕಲ್ಲಿನ ಜಗಲಿ ಇತ್ತು. ಮೇಲೆ ಹೆಂಚಿನ ಮಾಡು, ಅಂಚಿನಲ್ಲಿ ಮರದ ಕಂಬಗಳು. ಒಂದು ಜಗಲಿಯಿಂದ ಇನ್ನೊಂದಕ್ಕೆ ಕಾಲಿಡುತ್ತಾ ಹೋದರೆ ಆಟಿ ತಿಂಗಳ ಜಡಿಮಳೆಯಲ್ಲೂ ನೆನೆಯದೆ ಬೀದಿಯ ಈ ತುದಿಯಿಂದ ಆ ತುದಿಗೆ ತಲುಪಬಹುದಿತ್ತು. ಜವುಳಿ ಅಂಗಡಿಯ ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು ಅಪ್ಪ ಕೂರುತ್ತಿದ್ದರು. ಅಂಗಡಿಯ ಹಿರಿಯರು ಆಕ್ಷೇಪಿಸಿದ್ದಿಲ್ಲ. ಕೆಲವೊಮ್ಮೆ ತಮ್ಮ ಚಹಾದ ಜೊತೆ ಅಪ್ಪನಿಗೂ ಒಂದು ಗ್ಲಾಸು ತರಿಸುತ್ತಿದ್ದರು.

ಹಿರಿಯರು ತೀರಿಕೊಂಡ ಮೇಲೆ ಅವರ ಮಗ ಗಲ್ಲಾಪೆಟ್ಟಿಗೆಯ ಮುಂದೆ ಕೂತರು. ನಾನಾಗ ಒಂಬತ್ತನೆಯ ಕ್ಲಾಸು. ಶಾಲೆ ಪೇಟೆಯಲ್ಲೇ ಇದ್ದುದರಿಂದ ಮಧ್ಯಾಹ್ನ ಜಗಲಿಗೆ ಬಂದು ಅಪ್ಪನ ಜೊತೆ ಬುತ್ತಿ ಉಣ್ಣುತ್ತಿದ್ದೆ. ಒಂದು ಮಧ್ಯಾಹ್ನ ಬಂದಾಗ ಹೊಸ ಸಾಹುಕಾರರು ಮೆಟ್ಟಿಲ ಮೇಲೆ ನಿಂತಿದ್ದರು.

"ಜಗಲಿ ಮುಚ್ಚುತ್ತೇವೆ. ಇಲ್ಲಿ ಗಾಜಿನ ಶೋಕೇಸು ಬರ್ತದೆ. ನೀನು ಬೇರೆ ಕಡೆ ನೋಡಿಕೋ ಅಂತ ಹೋದ ವಾರವೇ ಹೇಳಿದ್ದೇನಲ್ಲ."

"ಮಳೆ ಸ್ವಲ್ಪ ಕಡಿಮೆ ಆಗ್ಲಿ ಧಣಿ," ಎಂದರು ಅಪ್ಪ. "ಕೊಡೆ ಕೆಲಸ ಇರುವುದೇ ಈಗ."

ಸಾಹುಕಾರರು ಅಂಗಡಿಯ ಇಬ್ಬರು ಆಳುಗಳಿಗೆ ಕಣ್ಣಲ್ಲೇ ಹೇಳಿದರು. ಅವರು ಪೆಟ್ಟಿಗೆಯನ್ನು ಎತ್ತಿ ರಸ್ತೆಯ ಅಂಚಿಗೆ ಇಡಲು ಹೋದರು; ಕೈ ಜಾರಿತೋ ಜಾರಿಸಿದರೋ, ಅದು ತುಂಬಿ ಹರಿಯುತ್ತಿದ್ದ ಚರಂಡಿಗೆ ಬಿತ್ತು. ರಿಪೇರಿಗೆ ಬಂದಿದ್ದ ಕೊಡೆಗಳನ್ನೂ ಅದರ ಹಿಂದೆಯೇ ಎಸೆದರು. ನಾನೂ ಅಪ್ಪನೂ ಮೊಣಕಾಲುದ್ದದ ಕೆಸರು ನೀರಿಗಿಳಿದು ಒಂದೊಂದನ್ನೇ ಹೆಕ್ಕಿದೆವು. ಕೊಡೆಗಳಿಗೆ ಕಟ್ಟಿದ್ದ ಚೀಟಿಗಳಲ್ಲಿ ಹೆಸರೆಲ್ಲ ಅಳಿಸಿತ್ತು. ಅಪ್ಪ ಹಿಡಿಕೆ ನೋಡಿಯೇ ಯಾರದು ಎಂದು ಗುರುತಿಸಿ ಎಲ್ಲವನ್ನೂ ಹಿಂದೆ ಕೊಟ್ಟರು. ಸಾಹುಕಾರರು ಅಷ್ಟು ಹೊತ್ತೂ ಮೆಟ್ಟಿಲ ಮೇಲೆ ನಿಂತು ನಮ್ಮನ್ನು ನೋಡುತ್ತಿದ್ದರು. ಅವರು ನಗಲಿಲ್ಲ, ಬೈಯಲಿಲ್ಲ. ಬಟ್ಟೆಯ ಕಟ್ಟು ಇಳಿಸುವುದನ್ನು ನೋಡುವ ಹಾಗೆ ನೋಡುತ್ತಿದ್ದರು.

ಆಮೇಲೆ ಅಪ್ಪ ಅದೇ ಅಂಗಡಿಯ ಎದುರು ರಸ್ತೆಯ ಅಂಚಿನಲ್ಲಿ ಟಾರ್ಪಾಲು ಕಟ್ಟಿ ಕೂತರು. ಗಿರಾಕಿಗಳಿಗೆ ಗೊತ್ತಿದ್ದ ಜಾಗ ಅದೊಂದೇ. ಎರಡು ತಿಂಗಳು ಕಳೆಯಲಿಲ್ಲ. ಅಂಗಡಿಯ ಮುಂದೆ ಯಾರದೋ ಕಾರು ನಿಂತಿತ್ತು. ಅದನ್ನು ತಪ್ಪಿಸಿಕೊಂಡು ಬಂದ ಬಸ್ಸಿನ ಹಿಂದಿನ ಚಕ್ರ ಅಪ್ಪನ ಬಲಗಾಲಿನ ಪಾದದ ಮೇಲೆ ಹೋಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ತುಂಬ ದಿನ ಇದ್ದರು. ಪಾದ ಉಳಿಯಿತು, ಆದರೆ ಅದು ಮತ್ತೆ ನೆಲಕ್ಕೆ ಸರಿಯಾಗಿ ಊರಲಿಲ್ಲ.

ಪೊಲೀಸರು ಸಾಹುಕಾರರ ಹೇಳಿಕೆ ತೆಗೆದುಕೊಂಡಿದ್ದರು. ಅಮ್ಮನಿಗೆ ಓದಲು ಬರುತ್ತಿರಲಿಲ್ಲವಾದ್ದರಿಂದ ಠಾಣೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಕಾಗದ ಕೈಗೆ ಕೊಡದೆ ಕಾನ್‌ಸ್ಟೇಬಲ್ ತಾನೇ ಓದಿ ಹೇಳಿದ: ಈತ ಯಾವಾಗಲೂ ರಸ್ತೆಯಲ್ಲೇ ಕೂತುಕೊಳ್ಳುವ ಅಭ್ಯಾಸದವ, ಎಷ್ಟು ಹೇಳಿದರೂ ಕೇಳುವವನಲ್ಲ, ಬಸ್ಸಿನವನದ್ದು ತಪ್ಪಿಲ್ಲ. ಕೇಸು ಅಲ್ಲಿಗೇ ಮುಗಿಯಿತು. ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದರು. ಆ ಮೂರು ಮಾತುಗಳು ನನಗೆ ಇವತ್ತಿಗೂ ಬಾಯಿಪಾಠ.

ಮುಂದೆ ನಾನು ಪರೀಕ್ಷೆ ಬರೆದು ಕನ್ನಡ ಅನುವಾದಕಿಯಾಗಿ ಕೇರಳ ಸರಕಾರದ ಕೆಲಸಕ್ಕೆ ಸೇರಿದೆ. ಮಲಯಾಳದಲ್ಲಿ ಬರುವ ಸುತ್ತೋಲೆ, ನೋಟೀಸುಗಳನ್ನು ಇಲ್ಲಿನ ಕನ್ನಡದವರಿಗಾಗಿ ಕನ್ನಡಕ್ಕೆ ಮಾಡುವುದು, ಕನ್ನಡದಲ್ಲಿ ಬಂದ ಅರ್ಜಿಗಳನ್ನು ಮಲಯಾಳಕ್ಕೆ ಮಾಡುವುದು. ಹೆಚ್ಚು ಜನ ಗಮನಿಸದ ಕೆಲಸ. ಪೇಟೆಯ ಹತ್ತಿರವೇ ಸಣ್ಣ ಮನೆ ಕಟ್ಟಿದೆವು. ಅಮ್ಮ ಹೋದ ಮೇಲೆ ಅಪ್ಪ ನನ್ನ ಜೊತೆಗೇ ಇದ್ದಾರೆ.

ಅಷ್ಟರಲ್ಲಿ ಬೀದಿಯ ಜಗಲಿಗಳೆಲ್ಲ ಮಾಯವಾಗಿದ್ದವು. ಜವುಳಿ ಅಂಗಡಿ ಮೊದಲು ಶಟರ್ ಹಾಕಿತು. ಅದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಜಗಲಿಯನ್ನು ಒಳಗೆ ಹಾಕಿಕೊಂಡರು. ನಡೆಯುವವರು ರಸ್ತೆಗಿಳಿದರು. ರಸ್ತೆಯಲ್ಲಿ ಬಸ್ಸು, ಆಟೋ, ನಿಲ್ಲಿಸಿದ ಕಾರು, ಬಾಯಿ ತೆರೆದ ಚರಂಡಿ.

ಯೋಜನೆಯ ಉಸ್ತುವಾರಿಗೆ ಬಂದ ಇಂಜಿನಿಯರು ತೆಂಕಣ ಜಿಲ್ಲೆಯ ಒಬ್ಬಳು ತರುಣಿ. ಮೊದಲ ವಾರವಿಡೀ ಬೀದಿಯಲ್ಲಿ ಟೇಪು ಹಿಡಿದು ನಡೆದಳು. ಮುದುಕರು ಎಲ್ಲಿ ನಿಲ್ಲುತ್ತಾರೆ, ಮಕ್ಕಳು ಎಲ್ಲಿ ರಸ್ತೆ ದಾಟುತ್ತಾರೆ ಎಂದು ಬರೆದುಕೊಂಡಳು. ಬಸ್ಸಿಗೆ ಒಂದೇ ದಿಕ್ಕು, ಹಗಲು ಹೊತ್ತು ಕಾರುಗಳಿಗೆ ಪ್ರವೇಶವಿಲ್ಲ, ಒಂದು ಬದಿಯಲ್ಲಿ ಸೈಕಲಿನ ದಾರಿ, ಚರಂಡಿಗೆ ಚಪ್ಪಡಿ, ಎರಡೂ ಬದಿಯಲ್ಲಿ ಹಳೆಯ ಜಗಲಿಗಳನ್ನು ಮತ್ತೆ ತೆರೆದು ಮಾಡಿನ ಕೆಳಗೆ ನಡೆಯುವ ದಾರಿ. ಕಾಗದದ ಮೇಲೆ ಚಂದವಾಗಿತ್ತು. ಅಂಗಡಿಯವರು ಒಪ್ಪಲಿಲ್ಲ. ಜಗಲಿ ನಮ್ಮ ಪಟ್ಟಾ ಜಾಗ ಎಂದರು. ಅವರ ಪರವಾಗಿ ಮುಂದೆ ನಿಂತದ್ದು ಜವುಳಿ ಸಾಹುಕಾರರೇ.

ಒಂದು ಮಧ್ಯಾಹ್ನ ಇಂಜಿನಿಯರು ಹುಳ ಹಿಡಿದ ದಪ್ಪ ರಿಜಿಸ್ಟರೊಂದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮೇಜಿಗೆ ಬಂದಳು. ಈ ಊರು ಕೇರಳಕ್ಕೆ ಸೇರುವ ಮೊದಲಿನದು. ಆಗಿನ ದಾಖಲೆಗಳೆಲ್ಲ ಕನ್ನಡದಲ್ಲೇ ಇದ್ದವು. "ಚೇಚಿ, ಇದನ್ನು ಓದುವವರು ಈ ಕಟ್ಟಡದಲ್ಲಿ ನೀವೊಬ್ಬರೇ ಅಂತೆ," ಎಂದಳು ಮಲಯಾಳದಲ್ಲಿ. ಅಕ್ಕ ಎನ್ನಲು ಅವರಲ್ಲಿ ಚೇಚಿ.

ಕೂಡಿಸಿ ಬರೆದ ಹಳೆ ಮೋಡಿಯ ಅಕ್ಷರ. ನಿಧಾನವಾಗಿ ಓದಿದೆ. ಬೀದಿಯ ಪ್ರತಿಯೊಂದು ಅಂಗಡಿಯ ಎದುರೂ ಒಂದೇ ಒಕ್ಕಣೆ: ಜನರು ನಡೆಯುವ ಜಗಲಿ ದಾರಿ, ಅಗಲ ಎರಡೂವರೆ ಕೋಲು, ಪೊರಂಬೋಕು. ಎರಡೂವರೆ ಕೋಲು ಎಂದರೆ ಸುಮಾರು ಆರಡಿ; ಪೊರಂಬೋಕು ಎಂದರೆ ಸರಕಾರಿ ಜಾಗ, ಯಾರೊಬ್ಬರದೂ ಅಲ್ಲ. ನನ್ನ ಅಪ್ಪ ಕೂತಿದ್ದ ಆ ನೆಲ ಸಾಹುಕಾರರದ್ದಾಗಿರಲೇ ಇಲ್ಲ. ಬೆರಳು ಆ ಸಾಲಿನ ಮೇಲಿಟ್ಟು ನಾನು ಇನ್ನೊಮ್ಮೆ ಓದಿದೆ.

ಪುಟ ತಿರುಗಿಸುವ ಮೊದಲು ಅಂಚು ನೋಡಿದೆ. ಜವುಳಿ ಅಂಗಡಿಯ ನಮೂದಿಗೆ ಮಾತ್ರ ಬೇರೆ ಶಾಯಿಯಲ್ಲಿ ಒಂದು ಸಾಲು ಸೇರಿಸಿದ್ದರು: ಸದರಿ ಅಂಗಡಿಯವರಿಗೆ ಜಗಲಿಯ ಮುಂದೆ ತಟ್ಟಿ ಕಟ್ಟಿಕೊಳ್ಳಲು ಮುಂದಿನ ಹುಕುಂ ತನಕ ಅನುಮತಿ ಕೊಟ್ಟಿದೆ. ಬಿದಿರಿನ ತಟ್ಟಿಗೆ ಕೊಟ್ಟ ಅನುಮತಿ. ಆದರೂ ಅನುಮತಿ. ಒಳ್ಳೆಯ ವಕೀಲನ ಕೈಗೆ ಸಿಕ್ಕಿದರೆ ಕೋರ್ಟಿನಿಂದ ತಡೆ ತರಲು, ವರ್ಷಗಟ್ಟಲೆ ಎಳೆಯಲು ಅಷ್ಟೇ ಸಾಕು.

"ಚೇಚಿ, ಜಾಗದ ವಿವರದ ಕಾಲಂ ಮಾತ್ರ ಸಾಕು. ನಾಳೆ ರಿಪೋರ್ಟು ಕಳಿಸಬೇಕು," ಎಂದಳು ಇಂಜಿನಿಯರು.

ನಾನು ಕಾಲಂ ಮಾತ್ರ ಅನುವಾದಿಸಿ, ಸಹಿ ಹಾಕಿ ಕೊಟ್ಟೆ.

ಸಂಜೆ ಅಪ್ಪನಿಗೆ ಹೇಳಿದೆ. ಅಪ್ಪನ ಮುಖದಲ್ಲಿ ಅಂಥ ಕಳೆಯನ್ನು ನಾನು ಮೊಮ್ಮಕ್ಕಳು ಹುಟ್ಟಿದಾಗಲೂ ನೋಡಿರಲಿಲ್ಲ.

"ಶಟರ್ ತೆಗೆಯುವ ದಿನ ನಂಗೊಂದು ಕುರ್ಚಿ ಇಡ್ಬೇಕು ನೀನು. ಎದುರಿಗೇ."

"ಅಂಚಿನಲ್ಲಿ ಇನ್ನೊಂದು ಸಾಲು ಉಂಟು ಅಪ್ಪ. ಅವರಿಗೆ ಉಪಕಾರ ಆಗುವಂಥದ್ದು."

"ಓದ್ಲಿಕ್ಕೆ ಹೇಳಿದ್ರಾ?"

"ಇಲ್ಲ."

"ಮತ್ತೆ ಎಂತಕ್ಕೆ ಓದುವುದು ಮಾರಾಯ್ತಿ?"

ಕ್ಷಮಿಸುವ ಹಿರಿಯರ ಬಗ್ಗೆ ಬೇರೆಯವರು ಹೇಳುವುದನ್ನು ಕೇಳಿದ್ದೇನೆ. ನಮ್ಮ ಮನೆಯಲ್ಲಿ ಅಂಥವರು ಇರಲಿಲ್ಲ.

ಹತ್ತು ದಿನಗಳ ನೋಟೀಸು ಹೋಯಿತು. ಅದನ್ನು ಕನ್ನಡಕ್ಕೆ ಮಾಡಿದವಳೂ ನಾನೇ. ಒಂದು ಪದವೂ ಸಂದಿಗ್ಧವಾಗದಂತೆ ಬರೆದೆ. ಆ ಭಾನುವಾರ ಸಾಹುಕಾರರು ನಮ್ಮ ಮನೆಗೆ ಬಂದರು. ಎಪ್ಪತ್ತು ದಾಟಿದ ವಯಸ್ಸು, ಕೈಯಲ್ಲಿ ಸೀರೆಯ ಪೊಟ್ಟಣ. ಅಪ್ಪ ವರಾಂಡದಲ್ಲಿ ಕೂತಿದ್ದರು. ಸಾಹುಕಾರರು ಅವರಿಗೆ ಕೈ ಮುಗಿದು, "ಹೇಗಿದ್ದೀರಿ ಅಜ್ಜ, ಆರೋಗ್ಯ ಎಲ್ಲ ಉಂಟಾ?" ಎಂದರು.

"ಒಂದು ಕಾಲು ಸರಿ ಇಲ್ಲ. ಬಾಕಿ ಎಲ್ಲ ಉಂಟು," ಎಂದರು ಅಪ್ಪ, ಅವರ ಮುಖವನ್ನೇ ನೋಡುತ್ತಾ.

"ವಯಸ್ಸಾದ ಮೇಲೆ ಹಾಗೆಯೇ," ಎಂದು ಸಾಹುಕಾರರು ನನ್ನ ಕಡೆ ತಿರುಗಿದರು. ಅವರಿಗೆ ಗುರುತು ಸಿಕ್ಕಿರಲಿಲ್ಲ.

ನಾನು ಕೂರಲು ಹೇಳಿದೆ. ನೀರು ಕೊಟ್ಟೆ. ಚಹಾ ಕೊಡಲಿಲ್ಲ.

"ಮೇಡಂ, ನಮ್ಮ ತಂದೆಯವರು ಹೇಳ್ತಿದ್ರು, ಆ ಜಗಲಿಗೆ ಎಂತದೋ ಪರವಾನಗಿ ಉಂಟು ಅಂತ. ನಮ್ಮಲ್ಲಿ ಕಾಗದ ಇಲ್ಲ. ನಿಮ್ಮ ಪುಸ್ತಕದಲ್ಲಿ ಉಂಟಾ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

"ಮನೆಯಲ್ಲಿ ಕೂತು ಹಾಗೆಲ್ಲ ಹೇಳ್ಲಿಕ್ಕೆ ಆಗುವುದಿಲ್ಲ. ನಕಲಿಗೂ ಅನುವಾದಕ್ಕೂ ಕಚೇರಿಗೆ ಅರ್ಜಿ ಕೊಡಿ."

"ಕೊಟ್ರೆ ಬೇಗ ಸಿಗ್ತದಾ?"

"ನಿಯಮದಲ್ಲಿ ಎಷ್ಟು ದಿನ ಉಂಟೋ ಅಷ್ಟರೊಳಗೆ ಸಿಗ್ತದೆ."

ಅವರು ಹೋಗುವಾಗ ಸೀರೆಯ ಪೊಟ್ಟಣವನ್ನು ಕುರ್ಚಿಯ ಮೇಲೆ ಬಿಟ್ಟಿದ್ದರು. ಗೇಟಿನವರೆಗೆ ಓಡಿ ಕೈಗೇ ಕೊಟ್ಟೆ. ಒಳಗೆ ಬಂದಾಗ ಅಪ್ಪ ಊರುಗೋಲಿನಿಂದ ಆ ಕುರ್ಚಿಯನ್ನು ದೂರ ತಳ್ಳುತ್ತಿದ್ದರು. "ನನ್ನ ಗುರ್ತವೇ ಸಿಗ್ಲಿಲ್ಲ ಅವನಿಗೆ. ನಲವತ್ತು ವರ್ಷ ನಾನು ಅವನನ್ನು ದಿನಾ ಬೈದದ್ದು ಸುಮ್ಮನೆಯಾ?" ಎಂದರು. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಒಂದು ಎಳೆಯಷ್ಟು ಸಂಕೋಚ ಇದ್ದದ್ದು ನಿಜ. ಅದು ಆಗ ಹೋಯಿತು.

ಮರುದಿನವೇ ಅರ್ಜಿ ಬಂತು, ನನ್ನ ಮೇಜಿಗೇ ಬಂತು. ಒಂದು ಸಾಲಿನ ಅನುವಾದ; ಅರ್ಧ ಗಂಟೆಯ ಕೆಲಸ. ನಾನು ಅದನ್ನು ಕಡತಗಳ ಅಡಿಯಲ್ಲಿಟ್ಟೆ. ಅವರು ಎರಡು ಸಲ ಬಂದು ವಿಚಾರಿಸಿದರು. "ಪರಿಶೀಲನೆಯಲ್ಲಿ ಉಂಟು," ಎಂದೆ. ಇದು ತಪ್ಪಲ್ಲವೇ ಎಂದು ಯಾರಾದರೂ ಕೇಳಿದರೆ, ತಪ್ಪು. ಪ್ರತಿದಿನ ಬೆಳಗ್ಗೆ ಕಡತಗಳ ಅಡಿಯಿಂದ ಅದನ್ನು ಎಳೆದು ನೋಡಿ, ಮತ್ತೆ ಅಲ್ಲೇ ಇಡುವಾಗ ನನಗಾಗುತ್ತಿದ್ದ ಸಂತೋಷವನ್ನೂ ಮುಚ್ಚಿಡುವುದಿಲ್ಲ.

ನೋಟೀಸಿನ ಅವಧಿ ಮುಗಿದು ಜೆಸಿಬಿ ಬಂತು. ನಾನು ರಜೆ ಹಾಕಿ ಅಪ್ಪನನ್ನು ಆಟೋದಲ್ಲಿ ಕರೆತಂದು, ಎದುರಿನ ಚಹಾ ಹೋಟೆಲಿನಿಂದ ಪ್ಲಾಸ್ಟಿಕ್ ಕುರ್ಚಿ ಕೇಳಿ ತಂದು ರಸ್ತೆಯ ಅಂಚಿನಲ್ಲಿ ಹಾಕಿದೆ. ಕೆಲಸದವರು ಮೊದಲು ಶಟರ್ ಕಳಚಿದರು. ಆಮೇಲೆ ಗಾಜು, ಪ್ಲೈವುಡ್, ಫಾಲ್ಸ್ ಸೀಲಿಂಗ್. ಪ್ಲೈವುಡ್ಡಿನ ಹಿಂದಿನಿಂದ ಮರದ ಹಳೆಯ ಕಂಬಗಳು ಹೊರಗೆ ಕಂಡವು. ಬಣ್ಣ ಕಾಣದೆ ಕಪ್ಪಾಗಿದ್ದವು.

"ಆಚೆಯಿಂದ ಮೂರನೆಯದ್ದು," ಎಂದರು ಅಪ್ಪ ಬೆರಳು ತೋರಿಸಿ. "ಅದೇ."

ಸಾಹುಕಾರರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು ಧೂಳಿನ ನಡುವೆ ನಿಂತಿದ್ದರು. ಅವರ ದೃಷ್ಟಿ ನಮ್ಮ ಕಡೆ ಬಿದ್ದದ್ದೇ ತಡ, ಅಪ್ಪ ಕುರ್ಚಿಯ ಕೈ ಹಿಡಿದು ಸ್ವಲ್ಪ ಎದ್ದು, ಇಡೀ ಬೀದಿಗೆ ಕೇಳುವಂತೆ ಕೂಗಿದರು: "ರಸ್ತೆಯಲ್ಲಿ ಕೂತಿದ್ದೇನೆ ಧಣಿ! ಪೊಲೀಸರಿಗೆ ಬರೆಸಿ ಕೊಡಿ!"

ಜನ ನಕ್ಕರು, ಏಕೆಂದು ತಿಳಿಯದೆ. ಸಾಹುಕಾರರು ಮಾತ್ರ ನಗಲಿಲ್ಲ. ಅಪ್ಪ ಎರಡು ಗ್ಲಾಸು ಚಹಾ ಕುಡಿದು, ಕೊನೆಯ ಹಲಗೆ ಲಾರಿಗೆ ಏರುವವರೆಗೂ ಕೂತರು.

ಅರ್ಜಿಯ ಗಡುವಿನ ಕೊನೆಯ ದಿನ ನಾನು ಅನುವಾದವನ್ನು ಸಿದ್ಧಮಾಡಿ ಸಾಹುಕಾರರನ್ನು ಕರೆಸಿದೆ. ಒಂದಕ್ಷರವೂ ಬಿಡದೆ ಮಾಡಿದ್ದೆ. ಅವರು ನಿಂತೇ ಓದಿದರು.

"ಇದು ಮೊದಲೇ ಸಿಕ್ಕಿದ್ರೆ ಸ್ಟೇ ತರ್ಲಿಕ್ಕೆ ಆಗ್ತಿತ್ತು."

"ಆಗ್ತಿತ್ತು."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ನಿಮಗೆ ಎಂತ ಮಾಡಿದ್ದೇನೆ ಮೇಡಂ?"

ಆಗ ಹೇಳಿದೆ. ಪೆಟ್ಟಿಗೆ, ಚರಂಡಿ, ಬಸ್ಸು, ಠಾಣೆಯಲ್ಲಿ ಕೇಳಿದ ಮೂರು ಮಾತು. ಧ್ವನಿ ಏರಿಸಲಿಲ್ಲ.

"ಆ ಕೊಡೆಯವ ನಿಮ್ಮ ತಂದೆಯಾ?" ಎಂದರು. ಆಮೇಲೆ, "ಪೊಲೀಸರು ಕೇಳಿದ್ರು. ಕಂಡದ್ದನ್ನು ಹೇಳಿದೆ. ರಸ್ತೆಯಲ್ಲಿ ಕೂತಿದ್ದದ್ದು ಸುಳ್ಳಲ್ಲವಲ್ಲ," ಎಂದರು.

"ಸುಳ್ಳಲ್ಲ. ಜಗಲಿಯಿಂದ ಇಳಿಸಿದ್ದು ಯಾರು ಅಂತ ಪೊಲೀಸರು ಕೇಳ್ಲಿಲ್ಲ, ನೀವೂ ಹೇಳ್ಲಿಲ್ಲ. ಅಂಚಿನಲ್ಲಿ ಎಂತ ಉಂಟು ಅಂತ ನನ್ನ ಹತ್ತಿರವೂ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಅವರು ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಬಹುಶಃ ನನಗೆ ಸಿಟ್ಟೇ ಬರುತ್ತಿತ್ತು.

ಇಷ್ಟರಲ್ಲಿ ನಾನು ಲೆಕ್ಕಕ್ಕೇ ತೆಗೆದುಕೊಳ್ಳದ ಒಬ್ಬಳಿದ್ದಳು. ಮುಚ್ಚಿದ ಆ ಜಗಲಿಯ ಮೂಲೆಯಲ್ಲಿ, ಶೋಕೇಸಿನ ಪಕ್ಕ, ಒಂದು ಹೊಲಿಗೆ ಮಷಿನ್ನು ಇಟ್ಟುಕೊಂಡು ಒಬ್ಬ ಹೆಂಗಸು ರವಿಕೆ ಹೊಲಿಯುತ್ತಿದ್ದಳು. ಅಂಗಡಿಯಲ್ಲಿ ಬಟ್ಟೆ ತೆಗೆದವರು ಅಲ್ಲೇ ಅವಳಿಗೆ ಅಳತೆ ಕೊಟ್ಟು ಹೋಗುತ್ತಿದ್ದರು. ಗಂಡ ಬಿಟ್ಟುಹೋದವಳು, ಸಾಹುಕಾರರು ಹತ್ತು ವರ್ಷಗಳಿಂದ ಅವಳನ್ನು ಅಲ್ಲಿ ಕೂರಲು ಬಿಟ್ಟಿದ್ದರು. ನಾನು ಆ ಅಂಗಡಿಗೆ ಕಾಲಿಡದಿದ್ದರೂ, ಹೊರಗೆ ನಿಂತೇ ಅವಳಿಗೆ ಬಟ್ಟೆ ಕೊಟ್ಟು ಹೊಲಿಸುತ್ತಿದ್ದೆ. ಜೆಸಿಬಿ ಬಂದ ದಿನ ಅವಳು ಮಷಿನ್ನನ್ನು ಆಟೋಗೆ ಏರಿಸುತ್ತಿದ್ದುದನ್ನು ಎದುರಿನಿಂದ ನೋಡಿದ್ದೆ. ನೋಡಿಯೂ ಏಳಲಿಲ್ಲ.

ಸಾಹುಕಾರರು ಕಾಗದ ಒಯ್ದು ಒಂದು ವಾರ ಕಳೆದು ಅವಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಕಚೇರಿಯ ಮಾತು ಪೇಟೆಯಲ್ಲಿ ಹರಡಲು ಎಷ್ಟು ಹೊತ್ತು ಬೇಕು?

"ಅಕ್ಕ, ಆ ಕಾಗದ ನಿಮ್ಮ ಮೇಜಿನಲ್ಲೇ ಇತ್ತಂತೆ ಹೌದಾ?"

"ಹೌದು."

"ನಿಮಗೆ ಸಿಟ್ಟಿದ್ದದ್ದು ಅವರ ಮೇಲೆ. ಅವರು ಒಳಗೆಯೇ ಇದ್ದಾರೆ, ಫ್ಯಾನಿನ ಅಡಿಯಲ್ಲಿ. ಹೊರಗೆ ಬಿದ್ದದ್ದು ನಾನು."

ಸರಕಾರಿ ಜಾಗ, ಕಾನೂನು, ಎಲ್ಲರೂ ನಡೆಯುವ ದಾರಿ ಎಂದೆಲ್ಲ ಹೇಳಲು ಬಾಯಿ ತೆರೆದೆ. ಅವಳ ಬಸ್ಸು ಬಂತು, ಹತ್ತಿದಳು. ಆ ರಾತ್ರಿ ಅಪ್ಪನಿಗೆ ಹೇಳಿದರೆ, "ಅವಳದ್ದು ಬೇರೆ ವಿಷಯ," ಎಂದು ಟಿವಿಯ ಕಡೆ ತಿರುಗಿದರು.

ಬೀದಿಯ ಕೆಲಸ ಮಳೆಗಾಲಕ್ಕೆ ಮೊದಲೇ ಮುಗಿಯಿತು. ಹೇಳಲೇಬೇಕು, ಚಂದವಾಗಿದೆ. ಗಾಲಿಕುರ್ಚಿಯಲ್ಲಿ ಕೂತವರೂ ಬಸ್ಸಿನಿಂದಿಳಿದು ಜಗಲಿಯ ಮೇಲೆಯೇ ಬೀದಿಯುದ್ದಕ್ಕೂ ಹೋಗಬಹುದು. ಬದಿಯಡ್ಕಕ್ಕೆ ಹೋಗುವ ಬಸ್ಸು ಕಾಯುವವರಿಗೆ ಕೂರಲು ಕಲ್ಲುಬೆಂಚು ಉಂಟು. ಶಾಲೆಯ ಹುಡುಗಿಯರು ಮೂರು ಮೂರು ಜನ ಮಾತಾಡಿಕೊಂಡು ಸೈಕಲಿನಲ್ಲಿ ಹೋಗುತ್ತಾರೆ. ಇಂಜಿನಿಯರು ವರ್ಗವಾಗಿ ಹೋಗುವಾಗ ನನ್ನ ಕೈ ಹಿಡಿದು, "ಚೇಚಿ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ," ಎಂದಳು. ನಾನು ಬೇರೆಡೆ ನೋಡಿದೆ.

ನನಗೂ ಅಪ್ಪನಿಗೂ ತಲೆಗೆ ಬಾರದೆ ಇದ್ದದ್ದು ಆಮೇಲೆ ಆಯಿತು. ಕಾರುಗಳ ಗದ್ದಲವಿಲ್ಲ, ಮಳೆಯಲ್ಲಿ ನೆನೆಯುವ ಕಾಟವಿಲ್ಲ ಎಂದು ಜನ ನಡೆದೇ ಬರತೊಡಗಿದರು. ನಡೆಯುವವರು ನಿಂತು ನೋಡತೊಡಗಿದರು. ನೋಡಿದವರು ಒಳಗೆ ಹೋದರು. ಓಣಂ ಸಮಯಕ್ಕೆ ಜವುಳಿ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಲ್ಲು ಮಾಡಲು ಹೊಸಬರಿಬ್ಬರನ್ನು ಇಟ್ಟರು. ನಾನಿದನ್ನು ಅಪ್ಪನಿಗೆ ಹೇಳಬಾರದಿತ್ತು.

"ನಾವೇ ಅವನಿಗೆ ಗಿರಾಕಿ ತಂದು ಕೊಟ್ಟ ಹಾಗಾಯ್ತಲ್ಲ!" ಎಂದು ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ಮುಚ್ಚಲಿ ಆ ಜಗಲಿ. ಮೊದಲಿನ ಹಾಗೆಯೇ ಮಾಡ್ಲಿಕ್ಕೆ ಹೇಳು ನಿನ್ನ ಆಫೀಸಿನವರಿಗೆ." ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ಬೀದಿಗೆ ಒಮ್ಮೆ ನಡೆದುಬರೋಣ ಎಂದರೆ ಈಗಲೂ ಬರುವುದಿಲ್ಲ.

ಹೊಲಿಗೆಯವಳು ಹಿಂದಿನ ಓಣಿಯ ಒಂದು ಕಟ್ಟಡದ ಮಾಳಿಗೆಯಲ್ಲಿ ಕೋಣೆ ಹಿಡಿದಿದ್ದಾಳೆಂದು ತಿಳಿಯಿತು. ಕಡಿದಾದ ಮೆಟ್ಟಿಲು, ಅವಳ ಹಳೆಯ ಗಿರಾಕಿಗಳಲ್ಲಿ ವಯಸ್ಸಾದವರು ಹತ್ತುವುದಿಲ್ಲ. ಕಳೆದ ತಿಂಗಳು ಒಂದು ರವಿಕೆ ಬಟ್ಟೆ ಹಿಡಿದುಕೊಂಡು ಹತ್ತಿದೆ. ಅವಳು ಬಾಗಿಲ ಕಡೆ ಬೆನ್ನು ಹಾಕಿ ಹೊಲಿಯುತ್ತಿದ್ದಳು. ನನ್ನನ್ನು ಕಂಡು ಎದ್ದಳು. ನಗಲಿಲ್ಲ, ಹೊರಗೆ ಹೋಗಿ ಎಂದೂ ಹೇಳಲಿಲ್ಲ. ಕೊರಳಿನಿಂದ ಟೇಪು ತೆಗೆದು ಅಳತೆ ಹಿಡಿದಳು. ಬೀದಿಯ ಬದಿಯಲ್ಲಿ ಅವಳಿಗೊಂದು ಜಾಗ ಕೊಡಿಸಲು ಅರ್ಜಿ ಬರೆದುಕೊಡುತ್ತೇನೆ ಎಂದೆ.

"ನೋಡುವ," ಎಂದಳು. ಬಟ್ಟೆಯನ್ನು ಬೆರಳಿನ ನಡುವೆ ತಿಕ್ಕಿ ಬೆಳಕಿಗೆ ಹಿಡಿದಳು. "ಇದನ್ನು ಎಲ್ಲಿಂದ ತಗೊಂಡದ್ದು?"

"ಅಲ್ಲಿಂದ ಅಲ್ಲ."

"ಅಲ್ಲಿಂದಲೇ ತಗೊಳ್ಬಹುದಿತ್ತು ಅಕ್ಕ," ಎಂದಳು. "ಇದು ಎರಡೇ ಒಗೆತಕ್ಕೆ ಬಣ್ಣ ಬಿಡ್ತದೆ."